ಗೋರಿ, ಬಾಬೋ ಮತ್ತು ನನ್ನ ವ್ಯಾಕರಣ

ಗೋರಿ ತೋರಿಸಪ್ಪ ಅಂದರೆ ಆಟೋದವನು ನಮ್ಮನ್ನು ಬ್ಯೂಟಿ ಪಾರ್ಲರಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ.

ನಗಬೇಡಿ. ತಪ್ಪು ಅವನದಲ್ಲ, ನನ್ನ ಹಿಂದಿಯದು. ಕಳೆದ ವಾರ ವಡೋದರಾದಿಂದ ಸೂರತ್ತಿಗೆ ಹೋಗಿದ್ದೆ. ಅಲ್ಲಿ ವರಾಛಾದಲ್ಲಿ ನಮ್ಮ ಭಾವನವರದು (ನಮ್ಮ ಮನೆಯವರ ಅಣ್ಣ) ಒಂದು ಉಡುಪಿ ಹೋಟೆಲು. ಸುತ್ತಮುತ್ತ ವಜ್ರ ಉಜ್ಜುವ ಕಾರ್ಖಾನೆಗಳು. ಅಲ್ಲಿಯ ಕೆಲಸಗಾರರೆಲ್ಲ ಬೆಳಗ್ಗೆ ಭಾವನವರ ಇಡ್ಲಿ ತಿಂದ ಮೇಲೆಯೇ ವಜ್ರ ಮುಟ್ಟುವುದು. ನಾನು ಹೊರಡುವಾಗ ನಮ್ಮ ಪಕ್ಕದ ಮನೆಯವರು, ಸೂರತ್ತಿನಲ್ಲಿ ಇಂಗ್ಲಿಷರ ಹಳೇ ಗೋರಿಗಳಿವೆ, ಒಂದೊಂದೂ ಅರಮನೆ ಥರ, ನೋಡದೆ ಬರಬೇಡಿ ಅಂದಿದ್ದರು. ವಡೋದರಾದ ಗೋರ್ವಾ ಬಡಾವಣೆಯಲ್ಲಿ ಮನೆ ಮಾಡಿಕೊಂಡವಳು ಗೋರಿ ನೋಡದಿದ್ದರೆ ಹೇಗೆ? ಆಸೆ ಹತ್ತಿಬಿಟ್ಟಿತು.

ಜೊತೆಗೆ ಬಂದವರು ಇಬ್ಬರು. ಒಬ್ಬರು ಭಾವನವರ ಹೆಂಡತಿ ವಾರಿಜಕ್ಕ. ನನಗೆ ವಾರಗಿತ್ತಿ, ಆದರೆ ಅಕ್ಕ ಎಂದೇ ಕರೆಯುವುದು. ಇನ್ನೊಬ್ಬಳು ಅವರ ಒಬ್ಬಳೇ ಮಗಳು ಹೇತಲ್. (ಹೆಸರು ನೋಡಿ ಹುಬ್ಬೇರಿಸಬೇಡಿ. ಸೂರತ್ತಿನಲ್ಲಿ ಹುಟ್ಟಿದವಳು, ಅಕ್ಕಪಕ್ಕದವರು ಪ್ರೀತಿಯಿಂದ ಇಟ್ಟ ಹೆಸರು.) ಬಿ.ಕಾಂ. ಎರಡನೇ ವರ್ಷ. ಗುಜರಾತಿ ನೀರು ಕುಡಿದ ಹಾಗೆ. ಕನ್ನಡ ಮಾತ್ರ ಕಷಾಯ ಕುಡಿದ ಹಾಗೆ.

ಅವಳ ಕನ್ನಡದಲ್ಲಿ ಭೂತಕಾಲವೇ ಇಲ್ಲ. ಗಂಡಸು, ಹೆಂಗಸು, ಬೆಕ್ಕು, ಬಕೆಟ್ಟು ಎಲ್ಲವೂ ಅವಳಿಗೆ 'ಉಂಟು'. ನಿನ್ನೆಯೂ ಉಂಟು, ಇವತ್ತೂ ಉಂಟು. "ಚಿಕ್ಕಮ್ಮ, ನಿನ್ನೆ ನಂಗೆ ಎಕ್ಸಾಮ್ ಉಂಟು" ಅನ್ನುತ್ತಾಳೆ. ನಾನು ಮೈಸೂರಿನವಳು, ಮೇಲಿಂದ ಕನ್ನಡ ಎಂ.ಎ. ಸುಮ್ಮನಿರಲು ಸಾಧ್ಯವೇ? "ಇತ್ತು ಅನ್ನು" ಎಂದು ತಿದ್ದುತ್ತೇನೆ. "ಹಾಂ ಹಾಂ, ಇತ್ತು" ಅನ್ನುತ್ತಾಳೆ. ಮುಂದಿನ ವಾಕ್ಯದಲ್ಲಿ ಮತ್ತೆ ಉಂಟು. ವಾರಿಜಕ್ಕ ಮಾತ್ರ, "ಇರ್ಲಿ ಬಿಡು ಮಾರಾಯ್ತಿ, ಅರ್ಥ ಆಗ್ತದಲ್ಲ" ಎಂದು ಮಗಳ ಪರ ವಕಾಲತ್ತು ವಹಿಸುತ್ತಾರೆ.

ಆಟೋ ಹತ್ತಿದಾಗ ವಾರಿಜಕ್ಕ ಆಚೆ ಬದಿಯಿಂದ ಕತ್ತು ಹೊರಹಾಕಿ ಅಡುಗೆಭಟ್ಟರಿಗೆ ಸಾಂಬಾರಿನ ಬಗ್ಗೆ ಕೊನೆಯ ಅಪ್ಪಣೆ ಕೊಡುತ್ತಿದ್ದರು. ಹೇತಲ್ ಕಿವಿಯಲ್ಲಿ ವಾಕ್‌ಮನ್. ಹೀಗಾಗಿ ದಾರಿ ಹೇಳುವ ಭಾರ ನನ್ನ ಮೇಲೆ ಬಿತ್ತು. "ಭೈಯಾ, ಪುರಾನೀ ಅಂಗ್ರೇಜೀ ಗೋರಿ ಹೈ ನಾ, ವಹಾಂ ಜಾನಾ ಹೈ" ಅಂದೆ, ಬಹಳ ಗತ್ತಿನಿಂದ. ಅವನು ಒಂದು ಕ್ಷಣ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಆಮೇಲೆ ಏನೋ ಅರ್ಥವಾದವನ ಹಾಗೆ ತಲೆಯಾಡಿಸಿ ಗಾಡಿ ಬಿಟ್ಟ.

ನಿಲ್ಲಿಸಿದ್ದು ಗುಲಾಬಿ ಪರದೆಯ ಒಂದು ಅಂಗಡಿಯ ಮುಂದೆ. ಬೋರ್ಡಿನಲ್ಲಿ ಬೆಳ್ಳಗಿನ ಮದುಮಗಳು. 'ಗೋರಿ ಬ್ಯೂಟಿ ಪಾರ್ಲರ್'.

ಹೇತಲ್ ವಾಕ್‌ಮನ್ ಕಿತ್ತು, ನಾನು ಹೇಳಿದ್ದೇನು ಎಂದು ಅವನನ್ನು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಲ್ಲಿ ಗೋರಿ ಅಂದರೆ ಬೆಳ್ಳಗಿನ ಹುಡುಗಿ, ಚಿಕ್ಕಮ್ಮ! ಹಳೇ ಇಂಗ್ಲಿಷ್ ಬಿಳಿ ಹುಡುಗಿ ಎಲ್ಲಿ ಸಿಗಬೇಕು ಅವನಿಗೆ? ಪಾಪ, ಇದ್ದುದರಲ್ಲಿ ಹತ್ತಿರದ್ದು ತೋರಿಸಿದ್ದಾನೆ. ನನಗೂ ನಗು ತಡೆಯಲಾಗಲಿಲ್ಲ. ನನ್ನನ್ನು ತಿದ್ದುವ ಅವಕಾಶ ಸಿಕ್ಕಿದ್ದಕ್ಕೆ ಅವಳ ಮುಖ ಅರಳಿತ್ತು. "ಕಬ್ರಸ್ತಾನ, ಕಾಕಾ, ಅಂಗ್ರೇಜೋನುಂ ಕಬ್ರಸ್ತಾನ" ಎಂದು ಅವನಿಗೆ ಬಿಡಿಸಿ ಹೇಳಿದಳು.

ಕಬ್ರಸ್ತಾನ ಎಂದದ್ದೇ ವಾರಿಜಕ್ಕನ ನಗು ನಿಂತಿತು. ನಾನು ಅವರಿಗೆ ಹಳೇ ಕಟ್ಟಡ ನೋಡುವುದಕ್ಕೆ ಎಂದಷ್ಟೇ ಹೇಳಿದ್ದೆ.

"ಸ್ಮಶಾನವಾ? ಹೆಂಗಸರು ಸ್ಮಶಾನಕ್ಕೆ ಹೋಗ್ಲಿಕ್ಕುಂಟಾ?" ಅಂದರು.

"ಅಕ್ಕ, ಅದು ಈಗ ಸ್ಮಶಾನ ಅಲ್ಲ. ಟೂರಿಸ್ಟ್ ಪ್ಲೇಸ್" ಅಂದೆ.

"ನೀವಿಬ್ರು ನೋಡಿ ಬನ್ನಿ. ನಾನು ಗೇಟಿನ ಹತ್ರ ಕೂತಿರ್ತೇನೆ."

ಅಲ್ಲಿಗೆ ತಲುಪಿದ ಮೇಲೆ ಹಾಗೆಯೇ ಮಾಡಿದರು. ಗೇಟಿನ ಪಕ್ಕದ ಕಟ್ಟೆಯ ಮೇಲೆ ನಮಗೆ ಬೆನ್ನು ಹಾಕಿ ಕೂತರು. ನನಗೆ ಆಗ ಹೊಳೆಯಿತು, ಎಂಥ ಕಡೆ ಕರೆತಂದೆ ಇವರನ್ನು ಎಂದು. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ನನಗೆ ಒಂದು ವಿಷಯ ಹೇಳಿದ್ದರು. ಹೇತಲ್‌ಗಿಂತ ಮುಂಚೆ ವಾರಿಜಕ್ಕನಿಗೆ ಒಂದು ಗಂಡು ಮಗು ಆಗಿತ್ತು. ನಾಮಕರಣಕ್ಕೂ ಮೊದಲೇ ಹೋಯಿತು. ಹಲ್ಲು ಹುಟ್ಟದ ಕೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಗಂಡಸರು ಎತ್ತಿಕೊಂಡು ಹೋಗಿ ಬರುತ್ತಾರೆ. ತಾಯಿ ಹೋಗುವ ಹಾಗಿಲ್ಲ. ಕಲ್ಲಿಲ್ಲ, ತಿಥಿಯಿಲ್ಲ. ಎಲ್ಲಿ ಎಂದು ವಾರಿಜಕ್ಕ ಒಮ್ಮೆ ಕೇಳಿದ್ದಕ್ಕೆ ಅತ್ತೆಯವರು, ಅದನ್ನೆಲ್ಲ ಕೇಳಬಾರದು, ಮುಂದಿನ ಮಕ್ಕಳಿಗೆ ಆಗಿಬರುವುದಿಲ್ಲ ಎಂದು ಬಾಯಿ ಮುಚ್ಚಿಸಿದ್ದರಂತೆ. ಆಮೇಲೆ ಆ ಮನೆಯಲ್ಲಿ ಯಾರೂ ಆ ಸುದ್ದಿ ಎತ್ತಿಲ್ಲ. ನೀನೂ ಎತ್ತಬೇಡ ಎಂದಿದ್ದರು ಇವರು. ಹೇತಲ್‌ಗಂತೂ ಗೊತ್ತೇ ಇಲ್ಲ.

ಬನ್ನಿ ಅಕ್ಕ, ವಾಪಸ್ ಹೋಗೋಣ ಎನ್ನುವುದರೊಳಗೆ ಆ ಹುಡುಗಿ ಒಳಗೆ ಓಡಿಯಾಗಿತ್ತು. ನಾನೂ ಹಿಂದೆ ಹೋದೆ.

ಏನು ಹೇಳಲಿ! ಎರಡಂತಸ್ತಿನ ಗೋರಿಗಳು. ಗುಮ್ಮಟ, ಕಂಬ, ಕಮಾನು, ಮೇಲೆ ಹತ್ತಲು ಮೆಟ್ಟಿಲು. ಬದುಕಿದ್ದಾಗ ಇವರಿಗೆ ಇಷ್ಟು ದೊಡ್ಡ ಮನೆ ಇತ್ತೋ ಇಲ್ಲವೋ! ವ್ಯಾಪಾರಕ್ಕೆಂದು ಬಂದವರು ಯಾರ ಗುಮ್ಮಟ ಎತ್ತರ ಎಂದು ಸತ್ತ ಮೇಲೂ ಪೈಪೋಟಿ ನಡೆಸಿದ್ದಾರೆ. ನಾನು ತಲೆಯೆತ್ತಿ ಬಾಯಿ ಬಿಟ್ಟುಕೊಂಡು ನೋಡುತ್ತಾ ಮನಸ್ಸಿನಲ್ಲೇ ಈ ಅಂಕಣದ ಮೊದಲ ಪ್ಯಾರಾ ಬರೆಯುತ್ತಿದ್ದೆ. (ಅದು ಬೇರೆಯೇ ಪ್ಯಾರಾ. ಈಗ ಬೇಡ.)

"ಚಿಕ್ಕಮ್ಮ, ಇಲ್ಲಿ ಬನ್ನಿ. ಸಣ್ಣ ಸಣ್ಣ ಮನೆ ಉಂಟು!"

ದೊಡ್ಡ ಗುಮ್ಮಟಗಳ ಹಿಂದೆ, ಹುಲ್ಲು ಮೊಣಕಾಲಿಗೆ ಬರುತ್ತಿದ್ದ ಮೂಲೆಯಲ್ಲಿ ಹೇತಲ್ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಮುಂದೆ ಒಂದು ಕಲ್ಲಿನ ಪೆಟ್ಟಿಗೆ. ಉದ್ದ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ. ನಾಲ್ಕು ಮೂಲೆಗೂ ಪುಟ್ಟ ಗೊಂಡೆ, ಥೇಟ್ ದೊಡ್ಡವರ ಗೋರಿಯ ಹಾಗೆ. ಹುಲ್ಲು ಸರಿಸಿದರೆ ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕ ಮತ್ತೊಂದು. ನಮಗೆ ಹುಚ್ಚು ಹಿಡಿದ ಹಾಗಾಯಿತು. ನಾನು ಸೆರಗು ಸಿಕ್ಕಿಸಿಕೊಂಡೆ. "ಇಲ್ಲೊಂದು!" ಅಂತ ಅವಳು, "ಇಲ್ಲೂ ಇದೆ" ಅಂತ ನಾನು. ಯಾವ ಪಕ್ಕದ ಮನೆಯವರೂ ಇದನ್ನು ನನಗೆ ಹೇಳಿರಲಿಲ್ಲ. ಇಷ್ಟೊಂದು ಜನ ಬಂದು ಗುಮ್ಮಟ ನೋಡಿಕೊಂಡು ಹೋಗುವ ಜಾಗದಲ್ಲಿ ಇವನ್ನು ಕಂಡುಹಿಡಿದವರು ನಾವೇ ಎಂದು ನನಗೆ ಜಂಬವೋ ಜಂಬ.

ಇವು ಮಕ್ಕಳವು ಎಂದು ಬಾಯಿಬಿಟ್ಟು ಹೇಳಿಕೊಳ್ಳಲು ಇಬ್ಬರಿಗೂ ಸ್ವಲ್ಪ ಹೊತ್ತು ಬೇಕಾಯಿತು.

ಒಂದು ಕಲ್ಲಿನ ಮೇಲೆ ಅಕ್ಷರಗಳಿದ್ದವು. ಬಾಟಲಿ ನೀರು ಹಾಕಿ ಕೈಯಿಂದ ಒರೆಸಿದೆ. ಹೇತಲ್ ಬೆರಳಾಡಿಸಿ ಒಂದೊಂದೇ ಅಕ್ಷರ ಹೇಳುತ್ತಾ ಹೋದಳು, ನಾನು ಜೋಡಿಸುತ್ತಾ ಹೋದೆ. 'ಇನ್‌ಫಂಟ್ ಸನ್ ಆಫ್...' ಅಲ್ಲಿಂದ ಮುಂದೆ ಕಲ್ಲು ಸವೆದಿತ್ತು.

"ಎಂತ ಬರ್ದಿದ್ದಾರೆ?"

ತಿರುಗಿ ನೋಡಿದರೆ ವಾರಿಜಕ್ಕ! ಮಗಳ ಕೂಗಾಟ ಕೇಳಿ, ಹಾವೋ ಚೇಳೋ ಎಂದು ಗಾಬರಿಯಾಗಿ ಬಂದಿದ್ದರು. ಚಪ್ಪಲಿ ಆಚೆಯೇ ಬಿಟ್ಟಿದ್ದರು.

"ಇಂಥವರ ಗಂಡು ಕೂಸು ಅಂತ ಬರೆದಿದ್ದಾರೆ ಅಕ್ಕ" ಅಂದೆ.

"ಹೆಸರು?"

"ಹೆಸರಿಲ್ಲ. ಇಡುವುದಕ್ಕೆ ಮುಂಚೆಯೇ ಹೋಗಿರಬೇಕು."

ವಾರಿಜಕ್ಕ ಮೆಲ್ಲಗೆ ಬಗ್ಗಿ ಒದ್ದೆ ಕಲ್ಲಿನ ಮೇಲೆ ಕೈಯಿಟ್ಟರು. "ಹೆಸರಿಡದ ಮಗುವಿಗೂ ಕಲ್ಲು ಇಟ್ಟಿದ್ದಾರಾ?" ಎಂದರು. ಕೇಳಿದ್ದು ನನ್ನನ್ನೋ ಕಲ್ಲನ್ನೋ ತಿಳಿಯಲಿಲ್ಲ. ಆಮೇಲೆ, ಸಾಂಬಾರಿಗೆ ಉಪ್ಪು ಹೇಳುವಷ್ಟೇ ಸಾದಾ ದನಿಯಲ್ಲಿ, "ನನ್ನ ಬಾಬೋಗೆ ಅದೂ ಇಲ್ಲ" ಅಂದರು.

"ಯಾವ ಬಾಬೋ?" ಎಂದಳು ಹೇತಲ್. ಗುಜರಾತಿಯಲ್ಲಿ ಬಾಬೋ ಎಂದರೆ ಗಂಡು ಮಗು.

ವಾರಿಜಕ್ಕ ಹೇಳಿದರು. ಹುಲ್ಲಿನ ಮೇಲೆ ಕೂತು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದರು. ಸೂರತ್ತಿಗೆ ಬಂದ ಹೊಸದು, ಗುಜರಾತಿಯ ಗಂಧವಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ನರ್ಸು ಮಗುವನ್ನು ಎತ್ತಿ ಹಿಡಿದು, "ಬಾಬೋ ಆವ್ಯೋ, ಬಾಬೋ" ಎಂದಳಂತೆ, ಗಂಡು ಮಗು ಬಂತು ಅಂತ.

"ಅವಳು ಅವನಿಗೆ ಹೆಸರಿಟ್ಳು ಅಂತ ನಾನು ಎಣಿಸಿದ್ದು. ಇಲ್ಲಿಯ ಕ್ರಮ ಹೀಗೇ ಇರ್ಬೇಕು ಅಂತ. ಚಂದ ಉಂಟಲ್ಲ ಹೆಸರು ಅಂತ ನಾನೂ ಬಾಬೋ ಬಾಬೋ ಅಂತಲೇ ಮಾತಾಡಿಸ್ತಿದ್ದೆ. ಕರೆದ್ರೆ ತಿರುಗ್ತಿದ್ದ. ಅವ ಹೋದ ಮೇಲೆ ಪಕ್ಕದ ಹಾಸಿಗೆಯವಳ ಮಗುವಿಗೂ ಬಾಬೋ ಅಂದ್ರಲ್ಲ, ಆಗ ಗೊತ್ತಾದ್ದು ಅದು ಹೆಸರಲ್ಲ ಅಂತ."

ಹೇಳುತ್ತಾ ಹೇಳುತ್ತಾ ವಾರಿಜಕ್ಕ ನಕ್ಕುಬಿಟ್ಟರು. ನಗುವಾಗಲೇ ಕಣ್ಣೀರು ಸುರಿಯಿತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಇಷ್ಟು ವರ್ಷ ಈ ಹೆಂಗಸು ನೆರೆಹೊರೆಯಲ್ಲಿ ಯಾರ ಮನೆಯಲ್ಲಿ ಗಂಡು ಹುಟ್ಟಿದರೂ "ಬಾಬೋ ಆವ್ಯೋ" ಎನ್ನುವ ಮಾತನ್ನು ಕೇಳಿಸಿಕೊಂಡು ಪೇಡಾ ತಿಂದು ಬಂದಿದ್ದಾರಲ್ಲ! ನಮ್ಮ ಜನಕ್ಕೆ ಮಗು ಹೋದ ತಾಯಿಯ ಹತ್ತಿರ ಮಾತಾಡಲು ಬರುವುದೇ ಇಲ್ಲ ನೋಡಿ. ಮರೆತುಬಿಡು, ಇನ್ನೊಂದಾಗುತ್ತದೆ ಅನ್ನುತ್ತೇವೆ. ಇನ್ನೊಂದು ಆಗುತ್ತದೆ ಸರಿ. ಮೊದಲನೆಯದು ಆಗಲೇ ಇಲ್ಲ ಅಂತ ಆಗುತ್ತದೆಯೇ?

ಹೇತಲ್ ಅಳುತ್ತಾಳೆ ಎಂದುಕೊಂಡೆ. ಅವಳು ಎದ್ದು ನಿಂತಳು. ಮುಖ ಕೆಂಪಾಗಿತ್ತು, ಕಣ್ಣು ಇಷ್ಟಗಲ. ರಾಖಿ ಹಬ್ಬ ಬಂದಾಗಲೆಲ್ಲ ಪಕ್ಕದ ಮನೆಯ ಹುಡುಗರನ್ನು ಹುಡುಕಿಕೊಂಡು ಹೋಗಿ ಕಟ್ಟಿ ಬರುತ್ತಿದ್ದ ಹುಡುಗಿ ಅದು.

"ನನಗೆ ಯಾಕೆ ಹೇಳುದೇ ಇಲ್ಲ? ಎಲ್ಲಿ ಅವನು?"

"ಗೊತ್ತಿಲ್ಲ ಮಗಾ. ನನಗೆ ಹೇಳ್ಲಿಲ್ಲ. ತಾಪಿ ಹೊಳೆ ಬದಿಗೆ ಅಂತ ಅಷ್ಟೇ ಗೊತ್ತು."

ಮುಂದೆ ಅವಳು ಮಾಡಿದ್ದನ್ನು ನಾನಾಗಿದ್ದರೆ ಮಾಡುತ್ತಿರಲಿಲ್ಲ. ಸಮಯ ಸಂದರ್ಭ ನೋಡಿ, ಮೊದಲು ನಮ್ಮ ಮನೆಯವರ ಕಿವಿಗೆ ಹಾಕಿ, ಅವರು ಅಣ್ಣನ ಕಿವಿಗೆ ಹಾಕಿ, ಅಷ್ಟರಲ್ಲಿ ಇನ್ನೊಂದು ದೀಪಾವಳಿ ಬಂದುಬಿಡುತ್ತಿತ್ತು. ಹೇತಲ್ ಪರ್ಸಿನಿಂದ ಹೊಸ ಮೊಬೈಲ್ ತೆಗೆದು ಅಲ್ಲಿಂದಲೇ ಹೋಟೆಲಿಗೆ ಫೋನ್ ಹಚ್ಚಿದಳು. ಊಟದ ಹೊತ್ತು, ಆ ಕಡೆ ಪ್ಲೇಟುಗಳ ಸದ್ದು ನನಗೂ ಕೇಳುತ್ತಿತ್ತು. "ಪಪ್ಪಾ, ಅಮ್ಮನ ಬಾಬೋ ಎಲ್ಲಿ ಉಂಟು?" ಎಂದು ಕೇಳಿಯೇಬಿಟ್ಟಳು.

ಆ ಕಡೆಯಿಂದ ಭಾವನವರು ಏನೋ ಹೇಳಿದರು. ಹೇತಲ್ ಫೋನನ್ನು ಅಮ್ಮನ ಕೈಗೆ ಕೊಟ್ಟಳು.

ವಾರಿಜಕ್ಕ ಹ್ಞೂಂ ಎಂದರು. ಮತ್ತೆ ಹ್ಞೂಂ. "ಬೇವಿನ ಮರವಾ?" ಎಂದರು. ಕೊನೆಗೆ, "ಆಯ್ತು, ಹೋಗುವ" ಎಂದು ಫೋನ್ ಇಟ್ಟು ನಮ್ಮನ್ನು ನೋಡಿದರು.

"ಅವರಿಗೆ ಜಾಗ ಗೊತ್ತುಂಟಂತೆ. ಆಗಾಗ ಹೋಗಿ ನಿಂತು ಬರ್ತಾರಂತೆ. ಒಬ್ರೇ. ಹೇಳಿದ್ರೆ ನನಗೆ ಬೇಜಾರಾಗ್ತದೆ ಅಂತ ಹೇಳದ್ದಂತೆ, ನೋಡು ಇವರನ್ನು. ನಾಳೆ ಬೆಳಿಗ್ಗೆ ನಾವು ಮೂವರೂ ಹೋಗುವ ಅಂದ್ರು."

ವಾಪಸ್ ಬರುವಾಗ ಆಟೋದಲ್ಲಿ ವಾರಿಜಕ್ಕ ಒಂದೇ ಸಮನೆ ಮಾತು. ನಾಳೆ ಎಂತ ತಕೊಂಡು ಹೋಗುವುದು? ಹೂವಾ? ಸಣ್ಣ ಮಕ್ಕಳಿಗೆ ಹೂ ಎಂತಕ್ಕೆ? ಒಂದು ಗಿರಿಗಿಟ್ಲೆ ತಕೊಂಡ್ರೆ ಹೇಗೆ? ಹೊಳೆ ಬದಿಯಲ್ಲಿ ಗಾಳಿ ಚೆನ್ನಾಗಿ ಬರ್ತದೆ, ತಿರುಗ್ತದೆ. ಮದುವೆಮನೆಗೆ ಹೊರಟವರ ಸಡಗರ. ಎಷ್ಟು ವರ್ಷದಿಂದ ಒಳಗೇ ತುಂಬಿಟ್ಟುಕೊಂಡಿದ್ದರೋ! ಹೇತಲ್ ನಡುವೆ ಕೂತು ಅಮ್ಮನ ಕೈ ಹಿಡಿದುಕೊಂಡಿದ್ದಳು. ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿ, ಇಡೀ ರಸ್ತೆಗೆ ಕೇಳಿಸುವ ಹಾಗೆ ಹೇಳಿದಳು.

"ಚಿಕ್ಕಮ್ಮ, ನನಗೆ ಒಂದು ಅಣ್ಣ ಉಂಟು!"

'ಒಂದು' ಅಲ್ಲ, 'ಒಬ್ಬ'. 'ಉಂಟು' ಅಲ್ಲ, 'ಇದ್ದ'. ಪುಟ್ಟ ವಾಕ್ಯದಲ್ಲಿ ಎರಡು ತಪ್ಪು. ಅಭ್ಯಾಸಬಲ, ನನ್ನ ಬಾಯಿ ಅರ್ಧ ತೆರೆದೂ ಬಿಟ್ಟಿತ್ತು. ಅಷ್ಟರಲ್ಲಿ ವಾರಿಜಕ್ಕ ಮಗಳ ತಲೆ ನೇವರಿಸಿ, "ಹೌದು ಮಗಾ, ಉಂಟು" ಅಂದರು.

'ಇದ್ದ' ಎಂದು ಹೇಳುವುದಕ್ಕೂ ಇಷ್ಟು ವರ್ಷ ಬಿಡದ ಮನೆಯಲ್ಲಿ 'ಉಂಟು' ಎಂದವಳನ್ನು ತಿದ್ದಲು ನಾನ್ಯಾವ ಪಂಡಿತೆ?