ಕೌದಿಯೊಳಗಿನ ಬಂದೂಕು

ಆಗ ನಾನಿನ್ನೂ ಮೂರನೇ ಇಯತ್ತೆ. ಚಡ್ಡಿಯ ಕಿಸೆಯಲ್ಲಿ ಗೋಲಿ, ಬಾಯಲ್ಲಿ ಪೆಪ್ಪರಮೆಂಟು, ತಲೆಯಲ್ಲಿ ಇಲ್ಲದ ಉಸಾಬರಿ, ಇಷ್ಟೇ ನನ್ನ ಆಸ್ತಿ. ಕಲಬುರಗಿಯ ಶಹಾಬಜಾರದ ಒಂದು ಸಂದಿಯಲ್ಲಿ ನಮ್ಮ ಮನೆ. ಎರಡು ಸೈಕಲ್ಲು ಎದುರುಬದುರಾದರೆ ಒಬ್ಬ ಇಳಿದು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಸಣ್ಣ ಸಂದಿ. ನಮ್ಮ ಮನೆಯ ಒಗ್ಗರಣೆಗೆ ಎದುರು ಮನೆಯವರು ಸೀನುತ್ತಿದ್ದರು. ಅಂಥ ಕಡೆ ಯಾವ ಗುಟ್ಟು ತಾನೇ ಉಳಿದೀತು? ಅಲ್ಲಿಗೆ ನಮ್ಮ ಅಪ್ಪ ಒಂದು ಬಂದೂಕು ತಂದ.

ಹಾಂ, ಕಣ್ಣರಳಿಸಬೇಡಿ. ಡಕಾಯಿತರ ಬಂದೂಕಲ್ಲ. ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕು. ನಳಿಗೆಯನ್ನು ನಡುವೆ ಬಗ್ಗಿಸಿ, ಕಡಲೆಕಾಳಿಗಿಂತ ಚಿಕ್ಕದಾದ ಸೀಸದ ಛರ್ರೆಯೊಂದನ್ನು ಇಟ್ಟು, ಮತ್ತೆ ನೆಟ್ಟಗೆ ಮಾಡಿ ಹೊಡೆಯಬೇಕು. ಒಂದು ಸಲಕ್ಕೆ ಒಂದೇ ಛರ್ರೆ. ತಪ್ಪಿತೋ, ಮೊದಲಿನಿಂದ ಎಲ್ಲ ಮತ್ತೆ ಮಾಡಬೇಕು.

ಬಂದೂಕು ಬೇಕಾಗಿದ್ದು ನನ್ನ ಅಕ್ಕನಿಗೆ. ಅವಳು ಕಾಲೇಜಿಗೆ ಹೋಗುತ್ತಿದ್ದಳು. ಹಿಂದಿನ ವರ್ಷ ಒಂದು ಶಿಬಿರದಲ್ಲಿ ಮೊದಲ ಸಲ ಬಂದೂಕು ಹಿಡಿದು ಎಲ್ಲರಿಗಿಂತ ಚೆನ್ನಾಗಿ ಗುರಿ ಹೊಡೆದಿದ್ದಳು. ಈಗ ಅವಳ ಕಾಲೇಜಿನಿಂದ ದೊಡ್ಡ ಪಂದ್ಯಕ್ಕೆ ಒಬ್ಬರನ್ನು ಕಳಿಸುವವರಿದ್ದರು. ಒಬ್ಬರೆಂದರೆ ಒಬ್ಬರೇ. ಹುಡುಗನಾದರೂ ಸೈ, ಹುಡುಗಿಯಾದರೂ ಸೈ, ಸೋಮವಾರ ಮುಂಜಾನೆ ಹತ್ತು ಛರ್ರೆಯಲ್ಲಿ ಯಾರು ಗೆಲ್ಲುತ್ತಾರೋ ಅವರು ಎಂದು ಆಟದ ಮಾಸ್ತರರು ಹೇಳಿದ್ದರು. ಆದರೆ ಕಾಲೇಜಿನಲ್ಲಿದ್ದ ಒಂದೇ ಬಂದೂಕಿಗೆ ಹುಡುಗರ ಸರದಿ ಮುಗಿಯುತ್ತಲೇ ಇರಲಿಲ್ಲ. ಅಕ್ಕ ಮೂರು ದಿನ ಸಾಲಿನಲ್ಲಿ ನಿಂತು, ಮೂರೂ ದಿನ ಬರಿಗೈಯಲ್ಲಿ ಬಂದಳು. ನಾಲ್ಕನೆಯ ದಿನ ಊಟ ಬಿಟ್ಟಳು.

ಅಪ್ಪನದು ಶರಣಬಸವೇಶ್ವರ ಗುಡಿಯ ಹತ್ತಿರ ಹೊಲಿಗೆ ಮಷಿನ್ ರಿಪೇರಿ ಅಂಗಡಿ. ಮಗಳು ಉಣ್ಣದಿದ್ದರೆ ಅವನ ಗಂಟಲಿಗೂ ತುತ್ತು ಇಳಿಯುತ್ತಿರಲಿಲ್ಲ. ಶಹಾಬಜಾರದಲ್ಲೇ ಹಳೆಯ ಸಾಮಾನು ಮಾರುವ ಚಾಚಾ ಒಬ್ಬರಿದ್ದರು. ಅವರ ಅಂಗಡಿಯಲ್ಲಿ ತುಕ್ಕು, ಅತ್ತರು ಮತ್ತು ಹಳೆಯ ಕಟ್ಟಿಗೆಯ ವಾಸನೆ ಒಟ್ಟಿಗೆ ಬರುತ್ತಿತ್ತು. ಮುರುಕು ಗಡಿಯಾರಗಳ ಹಿಂದಿನಿಂದ ಅವರು ಆ ಬಂದೂಕನ್ನು ಎಳೆದು ತೆಗೆದು, ಅಂಗಿಯ ತೋಳಿನಿಂದ ಒರೆಸಿದರು.

“ಪುರಾನಾ ಅದ ಭಾಯಿ, ಝೂಟ್ ಹೇಳಲ್ಲ. ಲೇಕಿನ್ ಇದ್ರಾಗ ಜಾನ್ ಅದ. ಜರಾ ಅದರ ಮಿಜಾಜ್, ಸ್ವಭಾವ ತಿಳ್ಕೊಬೇಕು, ಬಸ್.”

ಅಪ್ಪ ತಾನೇ ದುರಸ್ತಿ ಮಾಡಿಟ್ಟಿದ್ದ ಒಂದು ಹೊಲಿಗೆ ಮಷಿನನ್ನು ಚಾಚಾನ ಸೊಸೆಗೆ ಕೊಟ್ಟು ಬಂದೂಕನ್ನು ಮನೆಗೆ ತಂದ. ಅಪ್ಪನಿಗೂ ಚಾಚಾನಿಗೂ ಖುಷಿ. ಖುಷಿ ಇಲ್ಲದಿದ್ದವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ.

“ಲಿಂಗಪೂಜಿ ಮಾಡೋ ಮನ್ಯಾಗ ಬಂದೂಕ ತರ್ತೀಯೇನೋ? ಅದೂ ಹೆಣ್ಣುಡುಗಿ ಕೈಯಾಗ ಕೊಡಾಕ?”

“ಯವ್ವಾ, ಇದು ಜೀವ ತೆಗೆಯೋದಲ್ಲ. ಕಾಗದಕ್ಕ ತೂತು ಹಾಕೋದು.”

“ಕಾಗದಕ್ಕ ತೂತು ಹಾಕಾಕ ನಿನ್ನ ಅಂಗಡ್ಯಾಗ ದಬ್ಬಣ ಇಲ್ಲೇನು?”

ಆಯಿಯ ಮುಂದೆ ಮಾತಿಗೆ ನಿಲ್ಲುವವರು ಇಡೀ ಸಂದಿಯಲ್ಲಿ ಯಾರೂ ಇರಲಿಲ್ಲ. ಕೊನೆಗೆ ಆಯಿಯೇ ಕರಾರು ಹಾಕಿದಳು. ಒಂದು ಇರುವೆಗೂ ಗುರಿ ಹಿಡಿಯಕೂಡದು. ಸಂದಿಯ ಮಂದಿಯ ಕಣ್ಣಿಗೆ ಬೀಳಕೂಡದು. ಸೋಮವಾರ ಅಕ್ಕನಿಗೆ ಆ ಜಾಗ ಸಿಗದಿದ್ದರೆ ಅದೇ ಸಂಜೆ ಬಂದೂಕು ಚಾಚಾನ ಅಂಗಡಿಗೆ ವಾಪಸ್. “ಆಮ್ಯಾಲೆ ಈ ಮನ್ಯಾಗ ಅದರ ಹೆಸರ ಎತ್ತಬ್ಯಾಡ್ರಿ,” ಎಂದು ತನ್ನ ಹಳೆಯ ಕೌದಿಯನ್ನು ತಂದು ತಾನೇ ಬಂದೂಕಿಗೆ ಸುತ್ತಿದಳು. ಹರಿದ ಸೀರೆ ಧೋತರಗಳ ತುಂಡು ಕೂಡಿಸಿ ಆಯಿ ಹೊಲಿದ ಮೆತ್ತನೆಯ ಕೌದಿ ಅದು.

ಶುಕ್ರವಾರ ಮಾಳಿಗೆಯ ಮೇಲೆ, ಗೋಡೆಯ ಮರೆಯಲ್ಲಿ, ಪರೀಕ್ಷೆ ನಡೆಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗಾಯಿತು. ಒಂದು ಛರ್ರೆ ಕಾಗದದ ಮೇಲಿನ ಮೂಲೆಗೆ, ಇನ್ನೊಂದು ಕೆಳಗಿನ ಮೂಲೆಗೆ, ಮೂರನೆಯದು ಹಿಂದಿನ ಮಣ್ಣಿನ ಗೋಡೆಗೆ. ಅಕ್ಕ ತುಟಿ ಕಚ್ಚಿಕೊಂಡು ಕೆಳಗಿಳಿದು ಹೋದಳು. ಅವಳು ನನ್ನನ್ನು ಎತ್ತಿ ಆಡಿಸಿದವಳು ಮಕ್ಕಳೇ, ಅವಳ ಮುಖ ಸಪ್ಪಗಾದರೆ ನನಗೆ ಪೆಪ್ಪರಮೆಂಟೂ ಸಪ್ಪಗಾಗುತ್ತಿತ್ತು.

ಈಗ ನನ್ನ ಉಸಾಬರಿಯ ಕತೆ ಕೇಳಿ. ಅಪ್ಪನ ಅಂಗಡಿಯಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದು. ಮಷಿನ್ ಕಿರಗುಟ್ಟಿದರೆ ಎಣ್ಣೆ. ದಾರ ಹರಿದರೆ ಎಣ್ಣೆ. ಬಾಗಿಲು ಬಿಗಿಯಾದರೂ ಎಣ್ಣೆ. ನಾನು ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಶನಿವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಮೆಲ್ಲಗೆ ಕೌದಿ ಬಿಚ್ಚಿ, ಮಷಿನ್ ಎಣ್ಣೆಯ ಡಬ್ಬಿಯ ಮೂತಿಯನ್ನು ನಳಿಗೆಗೆ ಇಟ್ಟು ಗುಟುಕ್ ಗುಟುಕ್ ಎಂದು ಅರ್ಧ ಡಬ್ಬಿ ಕುಡಿಸಿಬಿಟ್ಟೆ. ಅಕ್ಕ ನಾಳೆ ನನ್ನನ್ನು ಹೊತ್ತು ಕುಣಿಯುತ್ತಾಳೆ ಎಂದುಕೊಂಡು ನಿದ್ದೆಯಲ್ಲೂ ನಕ್ಕೆ.

ಭಾನುವಾರ ಬೆಳಿಗ್ಗೆ ಕಮಲಾಪುರಕ್ಕೆ ಹೊರಟೆವು. ಅಲ್ಲಿ ಸೋದರಮಾವನ ಬಾಳೆತೋಟ, ಯಾರ ಕಣ್ಣೂ ಇಲ್ಲದ ಜಾಗ. ಬಸ್ಸಿನಲ್ಲಿ ಕಂಡಕ್ಟರ್ ಕೌದಿಯ ಉದ್ದನೆಯ ಗಂಟನ್ನು ನೋಡಿ ಅಪ್ಪನಿಗೆ ಕೇಳಿದ, “ಏನ್ರೀ ಇದು?”

“ಮಗಳ ಸಾಮಾನರೀ.”

“ಮದವಿ ಸಾಮಾನೇನು? ಯಾವಾಗ ಅಕ್ಕಿಕಾಳು?” ಎಂದು ಕಂಡಕ್ಟರ್ ನಕ್ಕ. ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಕಿವಿ ಕೆಂಪಾಗಿತ್ತು, ನಾಚಿಕೆಯಿಂದಲ್ಲ.

ಕಮಲಾಪುರದ ಕೆಂಪು ಬಾಳೆಯ ಹೆಸರು ನೀವು ಕೇಳಿದ್ದೀರಿ. ಆ ತೋಟದ ಗಾಳಿಗೇ ಒಂದು ಸಿಹಿ ಇತ್ತು. ಒದ್ದೆ ಮಣ್ಣು, ಕೊಳೆತ ಎಲೆ, ಹಣ್ಣಾಗುತ್ತಿರುವ ಗೊನೆ. ಮಾವ ದಪ್ಪ ಬಾಳೆದಿಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಒಟ್ಟಿ ಗೋಡೆ ಮಾಡಿದ, ಛರ್ರೆ ಅದರಲ್ಲೇ ಹೂತುಹೋಗಲಿ ಎಂದು. ಅಕ್ಕ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ತನ್ನ ಬಳೆಯಿಟ್ಟು ದುಂಡಗೆ ಗೆರೆ ಎಳೆದು, ನಟ್ಟನಡುವೆ ಕುಂಕುಮದ ಬೊಟ್ಟಿಟ್ಟಳು. ಅಪ್ಪ ನಮ್ಮೆಲ್ಲರನ್ನೂ ಬಂದೂಕಿನ ಹಿಂದೆ ನಿಲ್ಲಿಸಿದ. ಅಕ್ಕ ಉಸಿರು ಹಿಡಿದು ಬಂದೂಕಿನ ಕುದುರೆಯನ್ನು ಬೆರಳಿನಿಂದ ಎಳೆದಳು.

ಢಮಾರ್!

ನಳಿಗೆಯಿಂದ ಗುಪ್ಪೆಂದು ನೀಲಿ ಹೊಗೆ ಬಂತು. ತೋಟದ ಕಾಗೆಗಳೆಲ್ಲ ಒಮ್ಮೆಲೇ ಎದ್ದವು. ಮಾವನ ಎತ್ತು ಕಣ್ಣಿ ಹರಿದುಕೊಂಡು ಕಾಲುವೆಯ ಕಡೆ ಓಡಿತು. ಛರ್ರೆ ಎಲ್ಲಿ ಹೋಯಿತೋ ಇಂದಿಗೂ ಗೊತ್ತಿಲ್ಲ. ಅಪ್ಪ ನಳಿಗೆಯನ್ನು ಮೂಸಿದ, ತುದಿಗೆ ಬೆರಳಿಟ್ಟು ತಿಕ್ಕಿದ, ಆಮೇಲೆ ತಿರುಗಿ ನನ್ನನ್ನು ನೋಡಿದ. ನಾನು ಅಲ್ಲಿಯೇ ಜೋರಾಗಿ ಅಳಲು ಶುರು ಮಾಡಿದೆ.

“ಎಷ್ಟು ಹಾಕೀದಿ?”

“ಅರ್ಧ ಡಬ್ಬಿ.”

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಣ್ಣು ತುಂಬಿಕೊಂಡು, “ಇನ್ನ ಒಂದೇ ದಿನ ಅದನೋ,” ಎಂದಳಷ್ಟೇ. ನನಗೆ ಆ ಕಾಲುವೆಗೆ ಹಾರೋಣ ಎನಿಸಿತು. ಅಪ್ಪನೂ ಹೊಡೆಯಲಿಲ್ಲ. ಅವನಿಗೆ ನಗು ಬರುತ್ತಿತ್ತು, ತಡೆದುಕೊಂಡಿದ್ದ.

“ಹುಚ್ಚಪ್ಪಾ, ಮಷಿನ್ಯಾಗ ಕಬ್ಬಣ ಕಬ್ಬಣಕ್ಕ ತಿಕ್ಕತದ, ಅದಕ್ಕ ಎಣ್ಣಿ. ಇದ್ರಾಗ ಕೆಲಸ ಮಾಡೋದು ಗಾಳಿ. ಎಣ್ಣಿ ಬಿದ್ರ ಗಾಳಿ ಬಿಸಿಗೆ ಭಗ್ ಅಂತದ. ತಪ್ಪು ನಂದೇ, ನಿನಗ ಎಣ್ಣಿ ಬಿಟ್ಟು ಬ್ಯಾರೆ ಏನೂ ಕಲಿಸೇ ಇಲ್ಲ.”

ಹೀಗೆಂದು ಅಪ್ಪ ತನ್ನ ಚೀಲ ಬಿಚ್ಚಿ, ಬಾಳೆಯ ನೆರಳಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ. ಅವನು ಕೆಲಸ ಮಾಡುವುದನ್ನು ನೋಡುವುದೇ ಒಂದು ಚೆಂದ. ಬಂದೂಕಿನ ಕಟ್ಟಿಗೆಯ ಹಿಡಿಯನ್ನು ಕಳಚಿ, ಒಳಗಿನ ಎಣ್ಣೆಯನ್ನು ಒರೆಸಿ ಒರೆಸಿ ತೆಗೆದ. ಮಾವನ ಹಳೆಯ ಧೋತರ ಹರಿದು, ತುಂಡುಗಳನ್ನು ದಾರಕ್ಕೆ ಕಟ್ಟಿ ನಳಿಗೆಯೊಳಗೆ ಎಳೆದ. ಮೊದಲನೆಯದು ಕಪ್ಪಗೆ ಬಂತು. ಆಮೇಲೆ ಕಂದು. ಹನ್ನೊಂದನೆಯದು ಬೆಳ್ಳಗೆ ಬಂದಾಗ ಅಪ್ಪ “ಹಾಂ!” ಎಂದ. ಕಟ್ಟಿಗೆಯನ್ನು ಹಿಡಿದಿದ್ದ ತಿರುಪುಗಳು ಸಡಿಲವಾಗಿದ್ದವು. ಅವುಗಳ ಕೆಳಗೆ ಚಪ್ಪಲಿಯ ಚರ್ಮದ ಚೂರು ಕೊಟ್ಟು ಬಿಗಿ ಮಾಡಿದ.

ನನಗೂ ಒಂದು ಕೆಲಸ ಸಿಕ್ಕಿತು. ಊಟದ ತಾಟನ್ನು ಓರೆಯಾಗಿಟ್ಟು ಒಂದೊಂದೇ ಛರ್ರೆಯನ್ನು ಉರುಳಿಸಬೇಕು. ಒಂದೇ ಸಮನಾಗಿ ಉರುಳಿದ್ದು ಅಕ್ಕನಿಗೆ, ಕುಂಟಿದ್ದು, ನೆಗ್ಗಿದ್ದು ಬೇರೆ ಬಟ್ಟಲಿಗೆ. ಮಧ್ಯಾಹ್ನದವರೆಗೆ ಉರುಳಿಸಿದೆ. ಅತ್ತೆ ರೊಟ್ಟಿ, ಪುಂಡಿಪಲ್ಯ ತಂದಿಟ್ಟರೂ ಮೇಲೇಳಲಿಲ್ಲ. ತಪ್ಪು ಮಾಡಿದವನಿಗೆ ಹಸಿವೂ ಆಗುವುದಿಲ್ಲ ನೋಡಿ.

ಮತ್ತೆ ಹೊಡೆದಾಗ ಹೊಗೆ ಇರಲಿಲ್ಲ, ಸದ್ದೂ ಸಣ್ಣದಾಗಿತ್ತು. ಛರ್ರೆಗಳು ಬಳೆಯ ಗೆರೆಯ ಹತ್ತಿರಕ್ಕೆ ಬಂದವು. ಆದರೆ ಒಳಗೆ ಬರಲೊಲ್ಲವು. ಕೈ ನಡುಗಬಾರದೆಂದು ಅಪ್ಪ ಬಂದೂಕನ್ನು ಒಡ್ಡಿನ ಕಲ್ಲಿನ ಮೇಲೆ ಇರಿಸಿ, “ಗಟ್ಟಿ ಹಿಡಿ, ಇನ್ನೂ ಗಟ್ಟಿ,” ಎನ್ನುತ್ತಿದ್ದ. ಅಕ್ಕ ಗಟ್ಟಿ ಹಿಡಿದಷ್ಟೂ ಛರ್ರೆ ದೂರ ಹೋಗುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಕೊನೆಯ ಬಸ್ಸಿಗೆ ಒಂದು ತಾಸು ಉಳಿದಿತ್ತು.

ಅಷ್ಟರಲ್ಲಿ ಮಾವ ಎತ್ತನ್ನು ಹಿಡಿದು ತಂದ. ಅವನಿಗೆ ಬಂದೂಕಿನ ಗಂಧಗಾಳಿ ಇಲ್ಲ. ಆದರೆ ಕಲ್ಲಿನ ಮೇಲೆ ಯಾವುದನ್ನಾದರೂ ಇಟ್ಟಿದ್ದು ಕಂಡರೆ ಅವನ ಮೈಯೆಲ್ಲ ಉರಿಯುತ್ತಿತ್ತು. ಕೆಂಪು ಬಾಳೆಯ ಗೊನೆ ಕಲ್ಲಿಗೆ ತಾಗಿದರೆ ಮರುದಿನ ಕಪ್ಪು ಕಲೆ, ಪೇಟೆಯಲ್ಲಿ ಕೇಳುವವರಿಲ್ಲ. ಅದಕ್ಕೇ ಆ ತೋಟದಲ್ಲಿ ಗೊನೆಯನ್ನು ಮಗುವಿನಂತೆ ಒಣ ಎಲೆಯ ಹಾಸಿನ ಮೇಲೆ ಮಲಗಿಸುತ್ತಿದ್ದರು.

“ಅಲ್ಲರೀ ಭಾವಾ, ಕಲ್ಲ ಮ್ಯಾಲ ಯಾಕ ಇಟ್ಟೀರಿ? ತೆಗೀರಿ ಮೊದಲ! ಮೆತ್ತಗ ಇಡಬಾರದೇನು?” ಎಂದು ಗದರಿ, ಆಯಿಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕಲ್ಲಿಗೂ ಬಂದೂಕಿಗೂ ನಡುವೆ ತುರುಕಿದ.

ಅಕ್ಕ ಹೊಡೆದಳು. ಮತ್ತೆ ಹೊಡೆದಳು. ಮೂರನೆಯದನ್ನೂ ಹೊಡೆದಳು. ನಾನು ಓಡಿಹೋಗಿ ನೋಡಿದರೆ ಮೂರು ತೂತೂ ಕೂಡಿಕೊಂಡಿದ್ದವು, ಬಿಲ್ವಪತ್ರೆಯ ಮೂರು ಎಲೆಯ ಹಾಗೆ. “ಅಪ್ಪಾ! ಬಿಲ್ಪತ್ರಿ! ಬಿಲ್ಪತ್ರಿ!” ಎಂದು ಕೂಗಿದೆ. ಎಲ್ಲರೂ ಬಂದರು. ಅಪ್ಪ ತೂತುಗಳನ್ನು ನೋಡಿ, ತಿರುಗಿ ಹೋಗಿ ಕೌದಿಯನ್ನೂ ಕಲ್ಲನ್ನೂ ಒತ್ತಿ ನೋಡಿದ.

“ತಿಳೀತು. ಒಳಗಿನ ಸ್ಪ್ರಿಂಗ್ ಬಿಟ್ಟ ಕೂಡ್ಲೇ ಇದು ಒಂದು ಸಲ ಜಿಗೀತದ. ಛರ್ರೆ ಹೊರಗ ಬರೋದು ಆಮ್ಯಾಲ. ಕಲ್ಲು ಇದಕ್ಕ ಜಿಗಿಯಾಕ ಬಿಡೂದಿಲ್ಲ, ಒದ್ದು ದೂಡ್ತದ. ಗಟ್ಟಿ ಹಿಡಿದ್ರೂ ಅಷ್ಟೇ. ಮೆತ್ತಗ ಹಿಡೀಬೇಕು, ಅದರ ಪಾಡಿಗೆ ಅದು ಜಿಗೀಲಿ. ಪ್ರತಿ ಸಲ ಒಂದೇ ನಮೂನಿ ಜಿಗೀತದ.”

ಅಕ್ಕ ಕಲ್ಲನ್ನೇ ಬಿಟ್ಟು ಎದ್ದು ನಿಂತಳು. ಎಡಗೈಯನ್ನು ಮುಷ್ಟಿ ಮಾಡದೆ ಅಂಗೈ ತೆರೆದು, ಬಂದೂಕನ್ನು ಅದರ ಮೇಲೆ ಸುಮ್ಮನೆ ಇಟ್ಟುಕೊಂಡು ಹೊಡೆದಳು. ಕುಂಕುಮದ ಬೊಟ್ಟೇ ಹಾರಿಹೋಯಿತು. ಮಾವ ಕೊಟ್ಟ ಬಾಳೆಹಣ್ಣನ್ನು ನಾನು ಆಗ ತಿಂದೆ. ಅಷ್ಟು ರುಚಿಯ ಹಣ್ಣು ಮತ್ತೆ ತಿಂದಿಲ್ಲ.

ಸೋಮವಾರ ನಾನು ಶಾಲೆಗೆ ಚಕ್ಕರ್ ಹೊಡೆದು ಅಪ್ಪನ ಬೆರಳು ಹಿಡಿದು ಹೋದೆ. ಕಾಲೇಜಿನ ಹಿಂದಿನ ಮೈದಾನದಲ್ಲಿ ಆರು ಜನ ಹುಡುಗರು, ಅವರ ನಡುವೆ ಅಕ್ಕ ಒಬ್ಬಳೇ. ಹೆಸರು ಬರೆದುಕೊಳ್ಳುವವನು ತಲೆ ಎತ್ತದೆ, “ಯಾರ ಸಲುವಾಗಿ ಬಂದೀರವಾ? ನಿಮ್ಮಣ್ಣ ಎಲ್ಲಿ?” ಎಂದ.

“ನಂದೇ ಹೆಸರು ಬರಕೊಳ್ರಿ,” ಎಂದಳು ಅಕ್ಕ.

ಅವಳು ಕೌದಿ ಬಿಚ್ಚಿದಾಗ ಹುಡುಗರು ನಕ್ಕರು. ಒಬ್ಬ, “ಬಂದೂಕಿಗೆ ಥಂಡಿ ಹತ್ತೇದೇನು?” ಎಂದ. ನಾನು ಅವನ ಕಾಲಿಗೆ ಒದೆಯುವವನಿದ್ದೆ, ಅಪ್ಪ ಕೈ ಜಗ್ಗಿದ. ಅಕ್ಕನ ಮೊದಲ ಛರ್ರೆ ಕಪ್ಪು ವೃತ್ತದ ಅಂಚಿಗೆ ಹೋಯಿತು. ಸಿಟ್ಟಿನಲ್ಲಿ ಅವಳು ಬಂದೂಕನ್ನು ಬಿಗಿಯಾಗಿ ಹಿಡಿದಿದ್ದಳು. ಅವಳಿಗೂ ಅದು ತಿಳಿಯಿತು. ಬಂದೂಕು ಇಳಿಸಿ, ಕಣ್ಣು ಮುಚ್ಚಿ, ಅಂಗೈಯನ್ನು ಎರಡು ಸಲ ಕೊಡವಿದಳು. ಮತ್ತೆ ಎತ್ತಿದಾಗ ಅವಳ ಬೆರಳುಗಳು ತೆರೆದಿದ್ದವು.

ಉಳಿದ ಒಂಬತ್ತು ಛರ್ರೆಗಳ ಬಗ್ಗೆ ಏನು ಹೇಳಲಿ? ಹುಡುಗರ ನಗು ನಾಲ್ಕನೆಯದಕ್ಕೆ ನಿಂತಿತು. ಎಲ್ಲರ ಸರದಿ ಮುಗಿದ ಮೇಲೆ ಮಾಸ್ತರರು ಏಳು ಕಾಗದಗಳನ್ನೂ ತಂದರು. ಅಕ್ಕನ ಕಾಗದದ ಮೇಲೆ ತಮ್ಮ ಹೆಬ್ಬೆರಳು ಇಟ್ಟರು. ಒಂಬತ್ತು ತೂತೂ ಆ ಒಂದು ಹೆಬ್ಬೆರಳಿನಡಿ ಮುಚ್ಚಿಹೋದವು. “ಇನ್ನ ಏನ್ ಹೇಳೂದದ? ಈಕೀನೇ ಹೋಗಾಕಿ,” ಎಂದರು. ನಾನು ಕುಣಿದೆ. ಅಪ್ಪ ಕುಣಿಯಲಿಲ್ಲ, ಟೋಪಿ ತೆಗೆದು ಅದರಲ್ಲಿ ಮುಖ ಒರೆಸಿಕೊಂಡ.

ತಿರುಗಿ ನೋಡಿದರೆ ಮೈದಾನದ ಗೋಡೆಯ ಬದಿ ತಲೆಯ ತುಂಬ ಸೆರಗು ಹೊದ್ದು ಆಯಿ ನಿಂತಿದ್ದಳು! ಗುಡಿಗೆ ಹೋಗಿ ಬರುತ್ತೇನೆಂದು ಹೇಳಿ ಹೊರಟವಳು. ನೆಟ್ಟಗೆ ಬಂದು, “ಹಕ್ಕಿಪಕ್ಕಿ ಏನೂ ಸತ್ತಿಲ್ಲಲ?” ಎಂದಳು.

“ಇಲ್ಲ ಆಯಿ,” ಎಂದಳು ಅಕ್ಕ, ಬಂದೂಕಿಗೆ ಕೌದಿ ಸುತ್ತುತ್ತ.

“ಬಿಚ್ಚು ಅದನ್ನ. ಕಳವು ಮಾಡೀವೇನು ಮುಚ್ಚಿಕೊಂಡು ಹೋಗಾಕ?” ಎಂದು ಆಯಿ ಕೌದಿಯನ್ನು ನನ್ನ ತಲೆಯ ಮೇಲೆ ಎಸೆದಳು. ಬಂದೂಕನ್ನು ಕಸಿದುಕೊಂಡು ತನ್ನ ಹೆಗಲಿಗೇ ಇಟ್ಟಳು. ಹಾಗೇ ಗುಡಿಯ ಮುಂದೆ, ಬಜಾರದ ನಡುವೆ, ನಮ್ಮ ಸಂದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಚಾಚಾ ಅಂಗಡಿಯಿಂದ ಎದ್ದು ಬಂದು ಸಲಾಮು ಹೊಡೆದರು. ಎದುರು ಮನೆಯಾಕೆ ಬಾಯಿಗೆ ಸೆರಗು ಇಟ್ಟುಕೊಂಡು, “ಯವ್ವಾ ಯವ್ವಾ, ಯಾರದವಾ ಇದು ಬಂದೂಕು?” ಎಂದಳು. “ನನ್ನ ಮೊಮ್ಮಗಳದು! ಆರು ಮಂದಿ ಹುಡುಗರನ್ನ ಹಿಂದ ಹಾಕಿ ಬಂದಾಳ!” ಎಂದು ಆಯಿ ಇಡೀ ಶಹಾಬಜಾರಕ್ಕೆ ಕೇಳುವ ಹಾಗೆ ಹೇಳಿದಳು. ನಾನು ಹಿಂದಿನಿಂದ ಕೌದಿ ಹೊದ್ದು ರಾಜಕುಮಾರನ ಹಾಗೆ ನಡೆದೆ.

ಈಗ ನಾನೇ ಅಜ್ಜ. ಮೊನ್ನೆ ನನ್ನ ಮೊಮ್ಮಗಳು ನನ್ನನ್ನು ಕುಸನೂರಿನ ಕಡೆಗೆ, ಗುರಿ ಹೊಡೆಯುವುದನ್ನು ಕಲಿಸುವ ಜಾಗಕ್ಕೆ ಕರೆದುಕೊಂಡು ಹೋದಳು. ಛರ್ರೆ ಎಲ್ಲಿ ಬಿತ್ತೆಂದು ಅಲ್ಲಿ ಓಡಿಹೋಗಿ ನೋಡಬೇಕಾಗಿಲ್ಲ, ಪಕ್ಕದ ಪರದೆಯ ಮೇಲೆ ಚುಕ್ಕೆ ಮೂಡುತ್ತದೆ. ಬಂದೂಕುಗಳು ನುಣ್ಣಗೆ, ಹೊಸದಾಗಿ ಹೊಳೆಯುತ್ತಿದ್ದವು. ನನಗೆ ಅವೆಲ್ಲ ದೊಡ್ಡ ಸಂಗತಿ ಎನಿಸಲಿಲ್ಲ. ಹೆಸರು ಬರೆದುಕೊಳ್ಳುತ್ತಿದ್ದ ತರುಣ ತಲೆ ಎತ್ತಿ ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಿದ, “ಎಡಗೈನೋ, ಬಲಗೈನೋ?” ಅವಳು ಬಲಗೈ ಎಂದಳು. ಅವನು ಬರೆದುಕೊಂಡ. ಮುಗಿಯಿತು.

ಮನೆಗೆ ಬಂದ ಕೂಡಲೇ ಅಕ್ಕನಿಗೆ ಫೋನು ಹಚ್ಚಿದೆ. ಅವಳಿಗೀಗ ಕಿವಿ ಮಂದ, ಎಲ್ಲವನ್ನೂ ಎರಡೆರಡು ಸಲ ಹೇಳಬೇಕು. ಆದರೂ ಪೂರ್ತಿ ಕೇಳಿಸಿಕೊಂಡಳು.

“ಬ್ಯಾರೆ ಏನೂ ಕೇಳಲಿಲ್ಲೇನೋ? ‘ನಿಮ್ಮಣ್ಣ ಎಲ್ಲಿ’ ಅಂತ?”

“ಏನೂ ಕೇಳಲಿಲ್ಲಕ್ಕಾ.”

“ಇನ್ನೊಮ್ಮೆ ಹೇಳು,” ಎಂದಳು ಅಕ್ಕ. ಈ ಸಲ ಅವಳಿಗೆ ಕೇಳಿಸಿತ್ತು.