ವಿಷಲ್‌ಗೆ ಓಗೊಡದ ಹೃದಯ

ಮೂವತ್ತು ವರ್ಷ ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳು ನಾನು. ವಿಷಲ್ ಊದಿದ ಕ್ಷಣವೇ ಓಡಬೇಕು; ನನ್ನ ಮೈಗೆ ಕಲಿಸಿದ್ದು ಅದೊಂದನ್ನೇ. ಹೃದಯ ಕಸಿಯಾಗಿ ಎರಡು ವರ್ಷ ಕಳೆದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಬಸವೇಶ್ವರನಗರದ ನಮ್ಮ ಬಡಾವಣೆಯ ಮೈದಾನದಲ್ಲಿ ಹೆಂಗಸರ ಥ್ರೋಬಾಲ್ ಅಭ್ಯಾಸಕ್ಕೆ ಇಳಿದೆ. ವಿಷಲ್ ಕೇಳಿತು, ನುಗ್ಗಿದೆ. ನಾಲ್ಕನೇ ಚೆಂಡಿಗೆ ಕಾಲು ಸೋತು ಕೂತುಬಿಟ್ಟೆ.

ಪರೀಕ್ಷೆ ಮಾಡಿದ ವೈದ್ಯರು ನಕ್ಕರು. ಕಸಿಯಲ್ಲಿ ಹೃದಯದ ನರಗಳು ಕತ್ತರಿಸಿಹೋಗಿರುತ್ತವೆ. ಓಡು ಎಂದು ಮಿದುಳು ಕೊಟ್ಟ ಆಜ್ಞೆ ಅದಕ್ಕೆ ನೇರವಾಗಿ ತಲುಪುವುದಿಲ್ಲ. ರಕ್ತದಲ್ಲಿ ಅಡ್ರಿನಲಿನ್ ಹಾರ್ಮೋನು ಹರಿದು ಬಂದು ಮುಟ್ಟಿದ ಮೇಲೆಯೇ ಬಡಿತ ಏರುವುದು, ಅದು ಕರಗಿದ ಮೇಲೆಯೇ ಇಳಿಯುವುದು. "ಮೊದ್ಲು ಹತ್ತು ನಿಮಿಷ ಮೈ ಬಿಸಿ ಮಾಡ್ಕೊಳ್ಳಿ. ಆಟ ಆಮೇಲೆ," ಎಂದರು.

ರಾಜ್ಯೋತ್ಸವದ ಪಂದ್ಯಕ್ಕೆ ನನ್ನನ್ನು ಸೇರಿಸಿಕೊಳ್ಳಲು ತಂಡದ ನಾಯಕಿಗೆ ಅನುಮಾನ. ಅವಳು ನಮ್ಮ ಮಹಡಿಯ ಬಾಡಿಗೆ ಮನೆಯಲ್ಲಿರುವ ಧಾರವಾಡದ ಹುಡುಗಿ. "ಮೊದಲ್ನೇ ಐದು ಪಾಯಿಂಟ್ ನೋಡ್ತೀನ್ರಿ ಆಂಟಿ. ಸುಸ್ತಾದ್ರ ಹೊರಗ ಕೂಡಸ್ತೀನಿ. ಬೈಬ್ಯಾಡ್ರಿ ಮತ್ತ."

ಒಂಬತ್ತಕ್ಕೆ ಪಂದ್ಯ. ಹತ್ತು ನಿಮಿಷ ಮೊದಲೇ ಶುರುಮಾಡಿ ಒಂಬತ್ತಕ್ಕೆ ಸರಿಯಾಗಿ ಬಡಿತ ಏರಿಸಿಕೊಂಡೆ. ಆದರೆ ಮುಖ್ಯ ಅತಿಥಿಗಳು ಮೈಕ್ ಹಿಡಿದಿದ್ದರು. ನಮ್ಮ ಬಡಾವಣೆಯಲ್ಲಿ ಭಾಷಣ ಮುಗಿಯದೆ ಚೆಂಡು ಮೇಲೇಳುವುದಿಲ್ಲ. ಅದನ್ನು ನಾನು ಮರೆತೇಬಿಟ್ಟಿದ್ದೆ. ಕೂತರೆ ಭಾಷಣ ಮುಗಿಯುವಷ್ಟರಲ್ಲಿ ಬಡಿತ ಮೆಲ್ಲಗೆ ಇಳಿದುಹೋಗುತ್ತದೆ. ಶಾಮಿಯಾನದ ಹಿಂದೆ ನಿಂತಲ್ಲೇ ಲೆಫ್ಟ್ ರೈಟ್ ಹಾಕತೊಡಗಿದೆ.

"ಏನ್ ಮಾಡಾಕತ್ತೀರಿ ಆಂಟಿ? ಪರೇಡ್ ಮುಗದೈತ್ರಿ," ಎಂದಳು ನಾಯಕಿ.

"ನನ್ನದು ಡೀಸೆಲ್ ಗಾಡಿ ಕಣೇ. ಆಫ್ ಮಾಡಿದ್ರೆ ಮತ್ತೆ ಬಿಸಿ ಆಗೋಕೆ ಹೊತ್ತಾಗುತ್ತೆ."

ಅವಳು ನಕ್ಕು ಪಕ್ಕಕ್ಕೆ ಬಂದು ತಾನೂ ಹೆಜ್ಜೆ ಹಾಕಿದಳು. ಉಳಿದವರೂ ಸೇರಿಕೊಂಡರು. ಕುರ್ಚಿಗಳ ಸಾಲಿನಾಚೆ ಏಳು ತಲೆಗಳು ಕುಣಿಯುವುದನ್ನು ಕಂಡು ಅತಿಥಿಗಳು ಏನೆಂದುಕೊಂಡರೋ, ಉಳಿದ ಹಾಳೆಗಳನ್ನು ಮಡಚಿ ಜೇಬಿಗಿಟ್ಟರು.

ಎದುರಾಳಿಗಳು ಕುರ್ಚಿಯಿಂದ ಎದ್ದು ನೇರವಾಗಿ ಅಂಕಣಕ್ಕೆ ಬಂದಿದ್ದರು. ಮೊದಲ ಐದು ಪಾಯಿಂಟ್‌ಗಳಲ್ಲಿ ಮೂರು ನನ್ನ ಕೈಯಿಂದ ಬಂದವು. ನಾಯಕಿಯ ಮುಖ ನೋಡಿದೆ.

"ಏನ್ ನೋಡ್ತೀರಿ ಆಂಟಿ? ಸರ್ವ್ ನಿಮ್ದೇ ಐತಿ."

ಪಂದ್ಯ ಗೆದ್ದು ನೆರಳಿಗೆ ಬಂದೆವು. ಮಜ್ಜಿಗೆ ಮುಗಿಯುವಷ್ಟರಲ್ಲಿ ಎಲ್ಲರ ಏದುಸಿರು ಇಳಿದಿತ್ತು. ಇಳಿಯಲೂ ಅವಸರವಿಲ್ಲದ ನನ್ನ ನಾಡಿಯನ್ನು ಹಿಡಿದು ನೋಡಿದ ಹುಡುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಇದು ಇನ್ನೂ ಆಡಾಕತ್ತೈತ್ರೀ."

"ಆಡ್ಲಿ ಬಿಡು," ಎಂದೆ.