ಉಪ್ಪಿನಕಾಯಿ ಜಾಡಿಯೊಳಗಿನ ಪಕ್

ಇವತ್ತು ಬೆಳಿಗ್ಗೆ ನಿಂಬೆಕಾಯಿ ಜಾಡಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಉಪ್ಪು, ಅರಿಸಿನ, ಮಾಗಿದ ನಿಂಬೆಯ ಸಿಪ್ಪೆ ಎಲ್ಲ ಸೇರಿ ಬಾಯಲ್ಲಿ ನೀರೂರಿಸುವ ವಾಸನೆ ಬಂತು. ಅದರ ಬೆನ್ನಿಗೇ ಸಣ್ಣಗೆ ರಬ್ಬರಿನ ವಾಸನೆ. ಮೂಗು ಮುರಿಯಬೇಡಿ, ಕಾರಣವಿದೆ. ಜಾಡಿಯೊಳಗೆ ನಿಂಬೆಯ ಮೇಲೊಂದು ಪಿಂಗಾಣಿ ತಟ್ಟೆ, ಆ ತಟ್ಟೆಯ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಲೆ ಬಟ್ಟೆ ಬಿಗಿದ ಒಂದು ಕಪ್ಪು ಬಿಲ್ಲೆ. ಅಂಗೈಯಗಲ, ಹೆಬ್ಬೆರಳಿನಷ್ಟು ದಪ್ಪ. ಐಸ್ ಹಾಕಿಯಲ್ಲಿ ಚೆಂಡಿನ ಬದಲಿಗೆ ಹೊಡೆದಾಡುವ ಪಕ್ ಅದು. ನಿಂಬೆ ಉಪ್ಪುನೀರಿನಲ್ಲಿ ಮುಳುಗಿಯೇ ಇರಬೇಕು, ತೇಲಿದರೆ ಬೂಷ್ಟು ಹಿಡಿಯುತ್ತದೆ. ಹಾಗಾಗದಂತೆ ಒತ್ತಿ ಹಿಡಿಯುವ ಕೆಲಸ ನಮ್ಮ ಮನೆಯಲ್ಲಿ ಈ ಪಕ್ಕಿನದು. ಒಂದು ಇಡೀ ಲೀಗಿನ ಪ್ರಶಸ್ತಿ ಯಾರಿಗೆಂದು ತೀರ್ಮಾನಿಸಿದ ಪಕ್ ಇದು ಎಂದರೆ ಮನೆಗೆ ಬಂದವರು ನಂಬುವುದಿಲ್ಲ. ಅವರನ್ನು ನಂಬಿಸಲು ಹೋಗಿ ನಾನು ಎಷ್ಟೋ ಸಲ ಕಾಫಿ ಆರಿಸಿಕೊಂಡಿದ್ದೇನೆ.

ನಾವಿರುವುದು ಡಚ್ಚರ ನಾಡಿನಲ್ಲಿ, ಐಂಡ್‌ಹೋವನ್ ಪಕ್ಕದ ಬೆಸ್ಟ್ ಎಂಬ ಊರಿನಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲ ನನ್ನ ಅತ್ತೆ ಧಾರವಾಡದಿಂದ ಮೂರು ತಿಂಗಳ ವೀಸಾದಲ್ಲಿ ಬಂದರು. ಬಂದ ವಾರದಲ್ಲೇ ಟರ್ಕಿಯವರ ಅಂಗಡಿಯ ನಿಂಬೆಹಣ್ಣು ಅವರ ಕಣ್ಣಿಗೆ ಬಿತ್ತು. ನಿಂಬೆ ಬಂತು, ಜಾಡಿ ಬಂತು, ಉಪ್ಪು ಬಂತು. ಮೇಲೆ ಹೇರಲು ಒಂದು ಕಲ್ಲು ಬೇಕಲ್ಲ? ಆಗಲೇ ನನಗೆ ಹೊಳೆದದ್ದು, ಈ ದೇಶದಲ್ಲಿ ಕಲ್ಲೇ ಇಲ್ಲ! ಎಲ್ಲಿ ಕೆದಕಿದರೂ ಮರಳು, ಇಲ್ಲವಾದರೆ ಇಟ್ಟಿಗೆ. ಅತ್ತೆ ದಿನವೂ ವಾಕಿಂಗ್ ಹೋಗುವುದು, ಬರಿಗೈಯಲ್ಲಿ ಬರುವುದು.

"ಎಂಥಾ ದೇಶ ಐತವಾ ಇದು, ಒಂದು ಕಲ್ಲು ಸಿಗವಲ್ದು!"

ಗಾರ್ಡನ್ ಅಂಗಡಿಯಲ್ಲಿ ಬಲೆಚೀಲದಲ್ಲಿ ತುಂಬಿ ಮಾರುತ್ತಾರೆ, ತರೋಣ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಲ್ಲಿಗೆ ಯಾರರ ರೊಕ್ಕಾ ಕೊಡ್ತಾರೇನು?" ಗಂಡನ ಡಂಬೆಲ್ ಕೊಟ್ಟೆ, ತುಕ್ಕು ಎಂದರು. ಡಚ್ ಕಲಿಯುವ ದಪ್ಪ ಪುಸ್ತಕ ಕೊಟ್ಟೆ. ಸರಸ್ವತಿಯನ್ನು ಉಪ್ಪಿನಕಾಯಿಯ ಮೇಲೆ ಕೂರಿಸುತ್ತೀಯಾ ಎಂದು ಬೈದರು. ನಾನಂತೂ ಆ ಪುಸ್ತಕವನ್ನು ಬೇರೆ ಯಾವ ಕೆಲಸಕ್ಕೂ ಬಳಸಿರಲಿಲ್ಲ.

ಒಂದು ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ಅತ್ತೆ ಪಕ್ಕದ ಮನೆಯ ಹೂಪಾತಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಎದುರಿಗೆ ದುಂಡನೆಯ, ಲಕ್ಷಣವಾದ ಒಂದು ಕಲ್ಲು. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡುವಷ್ಟರಲ್ಲಿ ಅವರದನ್ನು ಎತ್ತಿಬಿಟ್ಟಿದ್ದರು. ಕಲ್ಲು ಹೂವಿನಷ್ಟು ಹಗುರ! ಪ್ಲಾಸ್ಟಿಕ್ಕಿನದು, ಒಳಗೆ ಟೊಳ್ಳು, ಅದರಲ್ಲಿ ಮನೆಯ ಬೀಗದಕೈ. ಕೀಲಿಕೈ ಬಚ್ಚಿಡುವ ಸುಳ್ಳು ಕಲ್ಲು ಅದು. ಅಷ್ಟರಲ್ಲಿ ಬಾಗಿಲು ತೆರೆದು ಆರಡಿ ಎತ್ತರದ ಪಕ್ಕದ ಮನೆಯವನು ನಿಂತಿದ್ದ. ಒಂದು ಕೈಯಲ್ಲಿ ಕಲ್ಲು, ಇನ್ನೊಂದು ಕೈಯಲ್ಲಿ ಅವನ ಮನೆಯ ಕೀ ಹಿಡಿದ ಸೀರೆಯುಟ್ಟ ಹೆಂಗಸನ್ನು ಅವನು ನೋಡಿದ.

ಭೂಮಿ ಬಾಯ್ಬಿಡಬಾರದೇ ಅನಿಸಿತು ನನಗೆ. ಅತ್ತೆಗೆ ಅಂಥದ್ದೇನೂ ಇಲ್ಲ. "ಕಲ್ಲಂದ್ರ ಕಲ್ಲಿರಬೇಕಪಾ. ಇದೆಂಥಾದು?" ಎಂದು ಅವನನ್ನೇ ಗದರಿದರು. ನಾನು ಇಂಗ್ಲಿಷಿನಲ್ಲಿ ಉಪ್ಪಿನಕಾಯಿಯ ಕಥೆ ಹೇಳಿದೆ. ಅವನು ನಕ್ಕ ನಗುವಿಗೆ ಬೀದಿಯ ನಾಯಿ ಬೊಗಳಿತು. ಹೀಗೆ ನಮಗೆ ರೂಬೆನ್‌ನ ಪರಿಚಯವಾಯಿತು.

ರೂಬೆನ್ ಹಗಲು ಮನೆಗಳಿಗೆ ಹೀಟರ್ ಕೂರಿಸುತ್ತಿದ್ದ, ಸಂಜೆ ಮತ್ತು ವಾರಾಂತ್ಯ ಐಸ್ ಹಾಕಿ ಆಡುತ್ತಿದ್ದ. ಈ ದೇಶದಲ್ಲಿ ಆ ಆಟದ ವೃತ್ತಿಪರರ ಪಾಡೇ ಅಷ್ಟು. ಟೀ ಕುಡಿಯಲು ಬಂದವನು ತನ್ನ ಕಥೆ ಹೇಳಿದ. ಲೀಗಿನಲ್ಲಿ ವರ್ಷವಿಡೀ ಅತಿ ಹೆಚ್ಚು ಅಂಕ ಗಳಿಸಿದ ಆಟಗಾರನಿಗೆ ಒಂದು ಪ್ರಶಸ್ತಿಯಿದೆ. ಅದರಲ್ಲಿ ಅವನು ಎರಡು ಸಲ ಎರಡನೆಯವನಾಗಿದ್ದ. ಈ ಸಲ ಉತ್ತರದ ಊರೊಂದರ ಆಟಗಾರನಿಗೂ ಅವನಿಗೂ ಸಮಸಮ ಪೈಪೋಟಿ. "ಇದೇ ನನ್ನ ಕೊನೆಯ ವರ್ಷ. ಮೊಣಕಾಲು ಇನ್ನು ಬಿಡುವುದಿಲ್ಲ. ಈಗ ಗೆಲ್ಲದಿದ್ದರೆ ಮುಗಿಯಿತು," ಎಂದ. ಹಗುರವಾಗಿಯೇ ಹೇಳಿದ, ಆದರೆ ಬಿಸ್ಕತ್ತನ್ನು ಮುರಿಯುತ್ತಲೇ ಇದ್ದ, ತಿನ್ನಲಿಲ್ಲ.

"ಎಷ್ಟ ಗೋಲ್ ಹೊಡದಾನಂತ ಕೇಳವಾ," ಎಂದರು ಅತ್ತೆ.

ಉತ್ತರದವನಿಗಿಂತ ಬಹಳ ಕಡಿಮೆ ಎಂದ ರೂಬೆನ್. ಅವನ ಅಂಕಗಳಲ್ಲಿ ಹೆಚ್ಚಿನವು ಅಸಿಸ್ಟ್‌ನವು. ನಮ್ಮ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿಗಳನ್ನು ಮೇಜಿನ ಮೇಲೆ ಓಡಾಡಿಸಿ ತೋರಿಸಿದ. ಗೋಲ್ ಹೊಡೆದವನಿಗೆ ಒಂದು ಅಂಕ, ಪಕ್ಕನ್ನು ಅವನ ಕೋಲಿಗೆ ತಲುಪಿಸಿದವನಿಗೂ ಒಂದು ಅಂಕ. ಅದಕ್ಕಿಂತ ಇದು ಕಡಿಮೆಯಲ್ಲ, ಎರಡೂ ಸಮ.

ನಾನದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಲೋಟ ಕೆಳಗಿಟ್ಟರು. "ಅಂದ್ರ ಖೋ ಕೊಟ್ಟಾಂವಗೂ ಲೆಕ್ಕ ಐತೇನು?"

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ನನ್ನ ಅತ್ತೆ ಕಾಲೇಜಿನಲ್ಲಿ ಖೋ ಖೋ ಕ್ಯಾಪ್ಟನ್ ಆಗಿದ್ದವರು. ಮೊಮ್ಮಗಳನ್ನು ಬಚ್ಚಲಿಗೆ ಅಟ್ಟಿಸಿಕೊಂಡು ಹೋಗುವಾಗ ಆಗಲೂ ಆ ಕಾಲು ಕಾಣುತ್ತಿತ್ತು. ಆ ಆಟದಲ್ಲಿ ಅಟ್ಟಿಸಿಕೊಂಡು ಹೋಗುವವಳು ಹಿಂದಕ್ಕೆ ತಿರುಗುವಂತಿಲ್ಲ. ಓಡುವವಳು ಕೈತಪ್ಪಿದಳು ಅನಿಸಿದ ಕ್ಷಣ, ಸಾಲಿನಲ್ಲಿ ಕೂತ ಸಂಗಾತಿಯ ಬೆನ್ನು ತಟ್ಟಿ "ಖೋ" ಅನ್ನಬೇಕು. ಎದ್ದವಳು ಹೋಗಿ ಮುಟ್ಟುತ್ತಾಳೆ. ಚಪ್ಪಾಳೆಯೆಲ್ಲ ಮುಟ್ಟಿದವಳಿಗೆ.

"ಫೈನಲ್‌ದಾಗ ನಾ ಕೊಟ್ಟ ಖೋದಾಗ ಗೆದ್ದೆವಿ," ಎಂದರು ಅತ್ತೆ. "ಪೇಪರಿನ್ಯಾಗ ಮುಟ್ಟಿದಾಕಿ ಫೋಟೋ ಬಂತು. ನಂದು ಅರ್ಧ ಕೈ ಬಂದಿತ್ತು, ಹಿಂದ."

ನಗುತ್ತಲೇ ಹೇಳಿದರು. ಆದರೆ ಅಷ್ಟು ವರ್ಷಗಳಾದ ಮೇಲೂ ಆ ಅರ್ಧ ಕೈ ಅವರಿಗೆ ನೋಯುತ್ತಿತ್ತು ಎಂದು ನನಗೆ ತಿಳಿಯಿತು. ರೂಬೆನ್‌ಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಭಾನುವಾರ ಆಟ ನೋಡಲು ಬನ್ನಿ ಎಂದು ಅತ್ತೆಯನ್ನು ಕರೆದ. ನನ್ನನ್ನು ಕರೆದನೆಂದು ಹೇಳಲಾರೆ, ಭಾಷಾಂತರಕ್ಕೆ ಯಾರಾದರೂ ಬೇಕಿತ್ತಲ್ಲ.

ಮೊದಲ ಸಲ ಹೋದಾಗ ಆದ ಫಜೀತಿ ಕೇಳಿ. ಒಳಾಂಗಣ ಎಂದ ಮೇಲೆ ಬೆಚ್ಚಗಿರುತ್ತದೆ ಎಂದುಕೊಂಡು ನಾನು ತೆಳ್ಳನೆಯ ಸ್ವೆಟರಿನಲ್ಲಿ ಹೋದೆ. ನೆಲವೇ ಮಂಜುಗಡ್ಡೆಯಾದ ಹಾಲ್ ಬೆಚ್ಚಗಿರಲು ಹೇಗೆ ಸಾಧ್ಯ ಎಂದು ಇಂಜಿನಿಯರ್ ಆದ ನನ್ನ ತಲೆಗೆ ಹೊಳೆಯಲಿಲ್ಲ. ಅತ್ತೆ ಮಾತ್ರ ಕುಲಾವಿ, ಶಾಲು, ಎರಡು ಜೊತೆ ಕಾಲುಚೀಲ. ಇನ್ನು ಆಟ. ಕಂಪ್ಯೂಟರ್ ಚಿಪ್ಪಿನ ಮೇಲೆ ಕೂದಲಿಗಿಂತ ಸಾವಿರ ಪಟ್ಟು ತೆಳುವಾದ ಗೆರೆಗಳನ್ನು ಅಳೆಯುವುದು ಆಫೀಸಿನಲ್ಲಿ ನನ್ನ ಕೆಲಸ. ಆದರೆ ಆ ಕಪ್ಪು ಬಿಲ್ಲೆ ಎಲ್ಲಿದೆ ಎಂದು ಒಂದು ಸಲವೂ ಕಾಣಲಿಲ್ಲ. ಜನ ಎದ್ದು ಕೂಗಿದಾಗ ನಾನೂ ಎದ್ದೆ, ಅಷ್ಟೆ.

ಅತ್ತೆ ಪಕ್ಕನ್ನು ನೋಡಲೇ ಇಲ್ಲ. ಖೋ ಖೋ ಆಡಿದವರ ಕಣ್ಣು ಓಡುವವರ ಮೇಲಿರುವುದಿಲ್ಲ, ಕೂತವರ ಮೇಲಿರುತ್ತದಂತೆ. "ಎಲ್ಲಾರೂ ಅದರ ಬೆನ್ನ ಹತ್ತ್ಯಾರ. ನಮ್ಮ ಹುಡುಗ ಒಬ್ಬನ ನೋಡು, ಅದು ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಾಕತ್ತಾನ," ಎಂದರು. ಅಂದಿನಿಂದ ರೂಬೆನ್ ನಮ್ಮ ಹುಡುಗನಾದ. ಮಂಗಳವಾರ ಅವನಿಗೆ ಜೋಳದ ರೊಟ್ಟಿ ಹೋಯಿತು, ಶುಕ್ರವಾರ ಶೇಂಗಾ ಚಟ್ನಿಪುಡಿ. ಖಾರಕ್ಕೆ ಕಣ್ಣೀರು ಸುರಿಸುತ್ತ ಅವನು ತಿಂದ.

ವರ್ಷದ ಕೊನೆಯ ಪಂದ್ಯ ಬಂತು. ಉತ್ತರದವನ ಆಟ ಅದೇ ದಿನ ಮಧ್ಯಾಹ್ನ ಮುಗಿದಿತ್ತು. ಅವನು ಗೋಲ್ ಹೊಡೆದು ರೂಬೆನ್‌ಗಿಂತ ಒಂದು ಅಂಕ ಮುಂದೆ ಹೋಗಿ ನಿಂತಿದ್ದ. ಸಮವಾದರೆ ಗೋಲ್ ಹೆಚ್ಚು ಹೊಡೆದವನಿಗೇ ಪ್ರಶಸ್ತಿ, ಅಂದರೆ ಅವನಿಗೇ. ಹಾಗಾಗಿ ಆ ಸಂಜೆ ರೂಬೆನ್‌ಗೆ ಎರಡು ಅಂಕ ಬೇಕೇ ಬೇಕು. ಇಡೀ ಹಾಲ್‌ಗೆ ಇದು ಗೊತ್ತಿತ್ತು. ನನ್ನ ಪಕ್ಕದಲ್ಲಿ ಕೂತ ಗಡ್ಡದವನೊಬ್ಬ ಬಿಯರ್ ಲೋಟವನ್ನು ಕುಡಿಯದೆ ಕೈಯಿಂದ ಕೈಗೆ ಬದಲಿಸುತ್ತಿದ್ದ. ಅತ್ತೆ ಅವನಿಗೆ ಒಂದು ಹಿಡಿ ಹುರಿದ ಶೇಂಗಾ ಕೊಟ್ಟು ಸಮಾಧಾನ ಮಾಡಿದರು.

ಮಧ್ಯದ ಹೊತ್ತಿಗೆ ರೂಬೆನ್ ಕೊಟ್ಟ ಪಾಸಿನಿಂದ ಒಂದು ಗೋಲ್ ಆಯಿತು. ಇಬ್ಬರ ಅಂಕ ಸಮ! ಆಮೇಲೆ ಏನೂ ಇಲ್ಲ. ಅವನು ಪಾಸ್ ಕೊಡುವುದು, ಹೊಡೆದವರ ಪಕ್ ಕಂಬಕ್ಕೆ ತಾಗುವುದು. ಕೊನೆಯ ನಿಮಿಷ ಬಂತು. ನಮ್ಮವರು ಒಂದು ಗೋಲ್ ಮುಂದಿದ್ದರು. ಎದುರಾಳಿಗಳು ಬೇರೆ ದಾರಿ ಕಾಣದೆ ತಮ್ಮ ಗೋಲ್‌ಕೀಪರನ್ನೇ ಹೊರಗೆ ಕರೆದು ಇನ್ನೊಬ್ಬ ಹೊಡೆತಗಾರನನ್ನು ಇಳಿಸಿದರು. ಅವರ ಗೋಲ್ ಖಾಲಿ! ಅಷ್ಟರಲ್ಲಿ ಪಕ್ ರೂಬೆನ್‌ನ ಕೋಲಿಗೆ ಬಂತು.

"ಸ್ಖೀಟನ್! ಸ್ಖೀಟನ್!" ಎಂದು ಹಾಲ್‌ಗೆ ಹಾಲೇ ಅರಚಿತು. ಹೊಡಿ, ಹೊಡಿ ಎಂದು ನಾನೂ ಕನ್ನಡದಲ್ಲಿ ಕೂಗಿದೆ. ಎದುರಾಳಿಯೊಬ್ಬ ಅವನ ದಾರಿಗೆ ಅಡ್ಡ ಬೀಳಲು ನುಗ್ಗುತ್ತಿದ್ದ. ಹೊಡೆದರೆ ದಾಟಲೂಬಹುದು, ತಾಗಲೂಬಹುದು. ಎಡಗಡೆ ಒಬ್ಬನೇ ಇದ್ದವನು ಡಾನ್. ನಮ್ಮ ತಂಡದ ದೈತ್ಯ ಡಿಫೆಂಡರ್, ವರ್ಷವಿಡೀ ಒಂದೂ ಗೋಲ್ ಹೊಡೆಯದವನು. ಅವನ ಕೋಲಿಗೆ ಪಕ್ ಬಂದರೆ ನಮ್ಮವರೇ ನಗುತ್ತಿದ್ದರು. ಅತ್ತೆ ಕುರ್ಚಿಯ ಮೇಲೆ ಹತ್ತಿ ನಿಂತರು.

"ಖೋ ಕೊಡೋ! ಎಡಕ್ಕ ಕೊಡೋ, ಖೋ!"

ಅವನಿಗೆ ಕೇಳಿಸಿತೆಂದು ನಾನು ಹೇಳುವುದಿಲ್ಲ. ಆ ಗದ್ದಲದಲ್ಲಿ ಸಿಡಿಲು ಹೊಡೆದರೂ ಕೇಳಿಸುತ್ತಿರಲಿಲ್ಲ. ರೂಬೆನ್ ಹೊಡೆಯುವಂತೆ ಕೋಲೆತ್ತಿ, ಮೆಲ್ಲಗೆ ಎಡಕ್ಕೆ ತಳ್ಳಿದ. ಡಾನ್ ಹೊಡೆದ. ಪಕ್ ಕಂಬಕ್ಕೆ ತಾಗಿ, ಒಂದು ಗಳಿಗೆ ಯೋಚನೆ ಮಾಡಿ, ಒಳಗೆ ಹೋಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ನನಗೆ ಪಕ್ ಕಂಡದ್ದು ಆಗಲೇ.

ಗಡ್ಡದವನು ನನ್ನನ್ನು ತಬ್ಬಿಕೊಂಡ, ಬಿಯರ್ ನನ್ನ ಸ್ವೆಟರಿಗೆ ಬಿತ್ತು. ಅಷ್ಟರಲ್ಲಿ ಘೋಷಣೆ: ಗೋಲ್ ಡಾನ್, ಅಸಿಸ್ಟ್ ಎಂಟನೇ ನಂಬರ್. ಹಾಲ್ ಥಟ್ಟನೆ ತಣ್ಣಗಾಯಿತು. ರೂಬೆನ್‌ನದು ಹದಿನೆಂಟು. ಎಂಟನೆಯವನು ಆಗ ಎಲ್ಲೋ ಹಿಂದಿದ್ದ.

"ಏನಂದಾ?" ಎಂದರು ಅತ್ತೆ. ಹೇಳಿದೆ.

"ಸುಳ್ಳ! ನಾ ಕಣ್ಣಾರೆ ನೋಡೇನಿ!" ಎಂದು ಅವರು ಶಾಲು ಸೊಂಟಕ್ಕೆ ಬಿಗಿದು ಮೆಟ್ಟಿಲಿಳಿಯತೊಡಗಿದರು. ನಾನು ಸೆರಗು ಹಿಡಿದು ಜಗ್ಗಿದೆ. ಕೆಳಗೆ ರೂಬೆನ್ ಬೆಂಚಿನ ಮೇಲೆ ತಲೆತಗ್ಗಿಸಿ ಕೂತಿದ್ದ. ತನಗಾಗಿ ಬಾಯಿಬಿಟ್ಟು ಕೇಳುವ ಪೈಕಿಯವನಲ್ಲ ಅವನು. ಆದರೆ ಡಾನ್ ಇದ್ದನಲ್ಲ! ವರ್ಷಕ್ಕೊಂದೇ ಗೋಲ್ ಹೊಡೆದ ಆ ಮನುಷ್ಯ ಸಂಭ್ರಮಿಸುವುದನ್ನು ಬಿಟ್ಟು ನೆಟ್ಟಗೆ ರೆಫರಿಯ ಬಳಿ ಜಾರಿ ಹೋದ. ಪಾಸ್ ಕೊಟ್ಟವನು ಯಾರೆಂದು ಗೋಲ್ ಹೊಡೆದವನೇ ಹೋಗಿ ಹೇಳಿದರೆ ತಿದ್ದುವ ರೂಢಿ ಆ ಆಟದಲ್ಲಿದೆಯಂತೆ. ತನ್ನ ದಪ್ಪ ಗವಸನ್ನು ಬೆಂಚಿನ ಕಡೆಗೆ ಚಾಚಿ ತೋರಿಸಿದ. ರೆಫರಿ ಲೆಕ್ಕದ ಮೇಜಿಗೆ ಹೋದರು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು.

ತಿದ್ದುಪಡಿ: ಅಸಿಸ್ಟ್, ಹದಿನೆಂಟನೇ ನಂಬರ್.

ಆ ಸದ್ದನ್ನು ನಾನು ಬರೆಯಲಾರೆ. ಮಂಜುಗಡ್ಡೆ ಒಡೆಯಲಿಲ್ಲ, ಅದೇ ಆಶ್ಚರ್ಯ. ತಂಡಕ್ಕೆ ತಂಡವೇ ರೂಬೆನ್ ಮೇಲೆ ಬಿತ್ತು. ಅತ್ತೆ ಅಳುತ್ತಿದ್ದರು, ನಗುತ್ತಿದ್ದರು, ಗಡ್ಡದವನ ಬೆನ್ನಿಗೆ ಗುದ್ದುತ್ತಿದ್ದರು. "ಬರದರು ನೋಡು, ಖೋ ಕೊಟ್ಟಾಂವನ ಹೆಸರು ಬರದರು!" ನನಗೂ ಅಳು ತಡೆಯಲಾಗಲಿಲ್ಲ. ಆ ಸಂಜೆ ಗೆದ್ದವರು ಇಬ್ಬರು.

ಮರುದಿನ ಬೆಳಿಗ್ಗೆ ರೂಬೆನ್ ಬಂದು ಅತ್ತೆಯ ಅಂಗೈಯಲ್ಲಿ ಆ ಪಕ್ ಇಟ್ಟ. ಅತ್ತೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ ಎಂದು ಅವನು ಅಂದುಕೊಂಡಿರಬೇಕು. ಅತ್ತೆ ಕೈಯಲ್ಲೇ ತೂಗಿ ನೋಡಿದರು. "ಭಾರ ಹದಾ ಐತಿ," ಎಂದು ನೆಟ್ಟಗೆ ಅಡುಗೆಮನೆಗೆ ನಡೆದು, ಅಲ್ಲಿಯವರೆಗೆ ದಿನವೂ ಸೌಟಿನಲ್ಲಿ ತಿರುವಿ ಕಾಪಾಡಿಕೊಂಡು ಬಂದ ಜಾಡಿಯೊಳಗೆ ಅದನ್ನು ಸುತ್ತಿ ಇಳಿಸಿದರು. ರೂಬೆನ್ ಜಾಡಿಯೊಳಗೆ ಬಗ್ಗಿ ನೋಡಿ, ತನಗೆ ಸಿಕ್ಕ ಪ್ರಶಸ್ತಿಗಿಂತ ಇದೇ ದೊಡ್ಡದು ಎಂದ. ಆ ವರ್ಷದ ಉಪ್ಪಿನಕಾಯಿಯ ಮೊದಲ ಬಾಟಲಿ ಅವನಿಗೇ ಹೋಯಿತು.

ಈಗ ರೂಬೆನ್ ಶನಿವಾರ ಮಕ್ಕಳಿಗೆ ಆಟ ಕಲಿಸುತ್ತಾನೆ. ಬೇರೆ ಕೋಚ್‌ಗಳು ಮಕ್ಕಳ ಮೊದಲ ಗೋಲಿಗೆ ಪಕ್ ಕೊಡುತ್ತಾರೆ, ಇವನು ಮೊದಲ ಅಸಿಸ್ಟಿಗೆ ಕೊಡುತ್ತಾನೆ. ನನ್ನ ಮಗಳು ನೇಹಾ ಅವನ ತಂಡದಲ್ಲಿದ್ದಾಳೆ. ಪ್ರತಿ ಶನಿವಾರ ಅವಳು ಬಾಗಿಲು ತೆಗೆದಾಗ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಎಷ್ಟು ಗೋಲ್. ಅಷ್ಟೆಲ್ಲ ನೋಡಿಯೂ ನನ್ನ ಬಾಯಿಗೆ ಬುದ್ಧಿ ಬಂದಿರಲಿಲ್ಲ.

ಇವತ್ತು ಜಾಡಿಯ ಬಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು, ಅವಳು ಅಪ್ಪನ ಜೊತೆ ಒಳಗೆ ಬಂದಳು. "ಯಾರಿಗೆ ಪಾಸ್ ಕೊಟ್ಟೆ ಪುಟ್ಟಾ?" ಎಂದು ಕೇಳಿದೆ. ಅವಳು ನನ್ನನ್ನು ಒಂದು ಕ್ಷಣ ಬೆರಗಿನಿಂದ ನೋಡಿ, ಬೆನ್ನ ಹಿಂದಿದ್ದ ಕೈಯನ್ನು ಮುಂದೆ ತಂದಳು. ಅಂಗೈಯಲ್ಲಿ ಹೊಚ್ಚ ಹೊಸ ಪಕ್.

"ಮಾಮಾ, ಬೆಲ್ ಅಜ್ಜಿ! ನೌ!" ಅಮ್ಮಾ, ಈಗಲೇ ಅಜ್ಜಿಗೆ ಫೋನ್ ಮಾಡು ಎಂದು ಡಚ್ಚು ಇಂಗ್ಲಿಷು ಬೆರೆಸಿದ ಅಪ್ಪಣೆ.

ಧಾರವಾಡದಲ್ಲಿ ಅತ್ತೆ ಫೋನ್ ಎತ್ತಿದರು. ಪರದೆಯ ತುಂಬ ಕನ್ನಡಕ. ಎಷ್ಟೇ ಕಾಡಿದರೂ ಡಚ್ಚಿನಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುವ ನನ್ನ ಮಗಳು ಪಕ್ಕನ್ನು ಎತ್ತಿ ಹಿಡಿದು ಮನೆ ಹಾರಿಹೋಗುವಂತೆ ಕೂಗಿದಳು: "ಅಜ್ಜೀ, ನಾನು ಖೋ ಕೊಟ್ಟೆ!"

ಅತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಏನ್ ನೋಡ್ಕೋತ ನಿಂತೀಯವಾ? ಇನ್ನೊಂದು ಜಾಡಿ ಹಾಕು," ಎಂದರು.

ನಿಂಬೆಹಣ್ಣು ತರಲು ನಾನು ಸೈಕಲ್ ತೆಗೆದೆ.